ಸೆರಗಿನಡಿಯ ಕೈ

ಪಿ.ಟಿ. ಉಷಾ 1986ರಲ್ಲಿ ಸಿಯೋಲ್‌ನ ಏಷ್ಯನ್ ಕ್ರೀಡಾಕೂಟದಿಂದ ಐದು ಪದಕ ತಂದದ್ದು ನಮ್ಮ ಕಾಲದ ಹೆಂಗಸರಿಗೆ ಇನ್ನೂ ನೆನಪಿದೆ. ನಾಲ್ಕು ಚಿನ್ನ, ಒಂದು ಬೆಳ್ಳಿ. ಆಗ ಜಯನಗರದ ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಕೆಲವೇ ಮನೆಗಳಲ್ಲಿ. ಅಡುಗೆಯನ್ನು ಅರ್ಧಕ್ಕೆ ಬಿಟ್ಟು, ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತು ನೋಡಿದವರಲ್ಲಿ ನಾನೂ ಒಬ್ಬಳು. ಒಂದೇ ಕೂಟದಲ್ಲಿ ಭಾರತೀಯರೊಬ್ಬರು ಐದು ಪದಕ ಗೆದ್ದ ಆ ಲೆಕ್ಕವನ್ನು ದಾಟಲು 28 ವರ್ಷ ಬೇಕಾಯಿತು. ದಾಟಿದವನು ನಮ್ಮ ಬನಶಂಕರಿ ಕಡೆಯ ಶಾಲೆಯಲ್ಲಿ ಓದಿದ ಹುಡುಗ. ಹುಟ್ಟಿನಿಂದಲೇ ಅವನ ಎಡಗೈ ಪೂರ್ತಿ ಬೆಳೆದಿರಲಿಲ್ಲ.

ಹುಡುಗನ ಹೆಸರು ಶರತ್ ಗಾಯಕವಾಡ್. ಹುಟ್ಟಿದ್ದು 1991ರಲ್ಲಿ, ಬೆಂಗಳೂರಿನಲ್ಲಿ. 2014ರ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಿಯೋನ್‌ನಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟ ನಡೆಯಿತು. ಅಲ್ಲಿಂದ ಭಾರತ ತಂದ 33 ಪದಕಗಳಲ್ಲಿ ಆರರಲ್ಲಿ ಶರತ್‌ನ ಪಾಲಿತ್ತು. 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಬೆಳ್ಳಿ, ಉಳಿದ ಐದು ಕಂಚು. ಮೆಡ್ಲೆ ಎಂದರೆ ಒಂದೇ ಸ್ಪರ್ಧೆಯಲ್ಲಿ ನಾಲ್ಕೂ ಬಗೆಯ ಈಜು. ಚಿಟ್ಟೆಯಂತೆ, ಅಂಗಾತ, ಕಪ್ಪೆಯಂತೆ, ಕೊನೆಗೆ ನಮಗೆಲ್ಲ ಗೊತ್ತಿರುವ ನೇರ ಈಜು. ಎರಡು ಕೈ ನೆಟ್ಟಗಿರುವವರಿಗೂ ಅದು ಸುಲಭದ ಮಾತಲ್ಲ.

ಉಷಾರ ದಾಖಲೆ ಮುರಿಯಿತು ಎಂದು ಆಗ ಪತ್ರಿಕೆಗಳು ಬರೆದವು. ಈ ಹೋಲಿಕೆ ನನಗೆ ಅಷ್ಟಾಗಿ ಹಿಡಿಸಲಿಲ್ಲ. ನಾಲ್ಕು ಚಿನ್ನದ ತೂಕವೇ ಬೇರೆ, ಎರಡು ಕೂಟಗಳೂ ಬೇರೆ ಬೇರೆ. ಶರತ್ ಮಾಡಿದ್ದರ ಬೆಲೆ ಉಷಾರ ಪಕ್ಕ ನಿಲ್ಲಿಸಿದರಷ್ಟೇ ತಿಳಿಯುವಂಥದ್ದೂ ಅಲ್ಲ. ಅದು ತಿಳಿಯಬೇಕಾದರೆ ಈ ಕ್ರೀಡೆ ಎಲ್ಲಿಂದ ಹೊರಟಿತು ಎಂದು ಸ್ವಲ್ಪ ಹಿಂದೆ ಹೋಗಿ ನೋಡಬೇಕು.

ಇದು ಹುಟ್ಟಿದ್ದು ಮೈದಾನದಲ್ಲಲ್ಲ, ಆಸ್ಪತ್ರೆಯಲ್ಲಿ. ಲುಡ್ವಿಗ್ ಗುಟ್‌ಮನ್ ಎಂಬ ಯಹೂದಿ ವೈದ್ಯ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಚಿಕಿತ್ಸೆಗೆ ನಿಂತ. ಅಂಥವರು ಹೆಚ್ಚು ದಿನ ಬದುಕುವುದಿಲ್ಲ, ಮಲಗಿಸಿ ನೋಡಿಕೊಂಡರೆ ಸಾಕು ಎನ್ನುತ್ತಿದ್ದ ಕಾಲ. ಈತ ಅವರನ್ನು ಎಬ್ಬಿಸಿ ಕೂರಿಸಿ ಆಟಕ್ಕೆ ಹಚ್ಚಿದ. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ ಆಸ್ಪತ್ರೆಯ ಹುಲ್ಲುಹಾಸಿನಲ್ಲಿ ಗಾಲಿಕುರ್ಚಿಯ 16 ಮಂದಿ ಬಿಲ್ಲುಗಾರಿಕೆಯ ಪಂದ್ಯ ಆಡಿದರು. ಅವರಲ್ಲಿ ಹೆಂಗಸರೂ ಇದ್ದರು. 1960ರಲ್ಲಿ ರೋಮ್‌ಗೆ ಹೋಗುವ ಹೊತ್ತಿಗೆ ಅದು ಲೋಕದ ಕೂಟವಾಗಿತ್ತು.

ಭಾರತಕ್ಕೆ ಅಲ್ಲಿ ಮೊದಲ ಚಿನ್ನ ಬಂದದ್ದೂ ನೀರಿನಿಂದಲೇ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ ಪೇಟ್ಕರ್ ಎಂಬ ಯೋಧ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಗೆದ್ದರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ನಡುವೆ 46 ವರ್ಷ! ಇತ್ತೀಚೆಗೆ ಅವರ ಮೇಲೆ ಹಿಂದಿ ಸಿನಿಮಾ ಬಂದ ಮೇಲಂತೂ ಎಲ್ಲರಿಗೂ ಅವರು ಮೊದಲಿನಿಂದಲೇ ಗೊತ್ತಿದ್ದವರಂತೆ ಆಗಿದ್ದಾರೆ.

ಕನ್ನಡದ ಮನೆಗಳಿಗೆ ಈ ಲೋಕವನ್ನು ಪರಿಚಯಿಸಿದವರೆಂದರೆ ಮಾಲತಿ ಹೊಳ್ಳ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಕೂಸಾಗಿದ್ದಾಗಲೇ ಪೋಲಿಯೋ ಜ್ವರ ಬಂದು ಮೈ ಸ್ವಾಧೀನ ತಪ್ಪಿತು. ಬಾಲ್ಯದ ಬಹುಪಾಲು ಮದರಾಸಿನ ಮೂಳೆ ಚಿಕಿತ್ಸಾ ಕೇಂದ್ರದಲ್ಲಿ ಕಳೆಯಿತು. ಆದ ಶಸ್ತ್ರಚಿಕಿತ್ಸೆಗಳು 30ಕ್ಕೂ ಹೆಚ್ಚು. ನಮ್ಮ ಮಕ್ಕಳಿಗೆ ಒಂದು ಇಂಜೆಕ್ಷನ್ ಕೊಡಿಸುವಾಗ ನಾವು ಮುಖ ತಿರುಗಿಸುತ್ತೇವೆ. ಆ ತಾಯಿ ಮಗಳನ್ನು ಬಿಟ್ಟು ಬರುವಾಗ ಹೇಗಿದ್ದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಗಳು ಮುಂದೆ ಓದಿ ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಗಾಲಿಕುರ್ಚಿಯಲ್ಲಿ ಕುಳಿತೇ ಗುಂಡು, ಚಕ್ರ, ಭರ್ಜಿ ಎಸೆದರು, ದೇಶ ದೇಶ ಸುತ್ತಿದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಮಾತೃ ಫೌಂಡೇಶನ್ ಎಂದು ಕಟ್ಟಿ ತಮ್ಮಂಥ ಮಕ್ಕಳನ್ನು ಸಾಕಿದರು. ಆ ಪೋಲಿಯೋ ಈಗ ಇಲ್ಲ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾಗಿ, 2011ರ ಜನವರಿಯಲ್ಲಿ ಬಂಗಾಳದ ಹೌರಾದಲ್ಲಿ ಕಂಡ ಪ್ರಕರಣವೇ ದೇಶದ ಕೊನೆಯದಾಯಿತು. ಎರಡು ಹನಿ ಹಾಕಿಸಲು ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತ ನಾವೆಲ್ಲ ಅದರ ಪಾಲುದಾರರು.

ಶರತ್‌ನದು ಪೋಲಿಯೋ ಅಲ್ಲ. ಯಾವ ಹನಿಯೂ ತಡೆಯಲಾಗದ, ಹುಟ್ಟಿನಿಂದ ಬಂದದ್ದು. ಇಂಥ ಮಗು ಹುಟ್ಟಿದಾಗ ಬಾಣಂತಿಯನ್ನು ನೋಡಲು ಬಂದವರು ಮೊದಲು ಕೇಳುವುದು, ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ, ಹೆಚ್ಚುವ ಮಣೆ ಮುಟ್ಟಿದ್ದೆಯಾ ಎಂದು. ಎಲ್ಲ ತಪ್ಪೂ ಅವಳ ತಲೆಗೇ. ಹಾಗೆ ಕೇಳಿಸಿಕೊಂಡ ತಾಯಂದಿರು ಆಮೇಲೆ ಮಾಡುವ ಮೊದಲ ಕೆಲಸ ಮಗುವಿಗೆ ಉದ್ದ ತೋಳಿನ ಅಂಗಿ ಹೊಲಿಸುವುದು. ನಮ್ಮ ಬೀದಿಯಲ್ಲಿ ಒಬ್ಬರಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮಕ್ಕೆ ಕರೆದರೆ ತಪ್ಪದೆ ಬರುತ್ತಿದ್ದರು, ಒಂದು ಕೈ ಮಾತ್ರ ಸದಾ ಸೆರಗಿನ ಒಳಗೆ. ತಾಂಬೂಲ ಕೊಟ್ಟರೆ ಬಲಗೈಯಲ್ಲೇ ತೆಗೆದುಕೊಂಡು ಎದೆಗೊತ್ತಿಕೊಳ್ಳುತ್ತಿದ್ದರು. 20 ವರ್ಷ ಎದುರು ಬದುರು ಇದ್ದರೂ ಆ ಕೈ ಹೇಗಿತ್ತೆಂದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಸೊಗಸಾಗಿ ಹಾಡುತ್ತಿದ್ದರು. ಹಾರ್ಮೋನಿಯಂ ಕಲಿಯಬೇಕೆಂದಿತ್ತಂತೆ.

ಈಜುಕೊಳದಲ್ಲಿ ಸೆರಗಿಲ್ಲ. ಮುಚ್ಚಿಟ್ಟುಕೊಂಡು ನೀರಿಗಿಳಿಯಲು ಆಗುವುದಿಲ್ಲ. ಶರತ್ ಓದಿದ್ದು ಲಿಟ್ಲ್ ಫ್ಲವರ್ ಪಬ್ಲಿಕ್ ಶಾಲೆಯಲ್ಲಿ. ಅಲ್ಲಿ ಮಕ್ಕಳಿಗೆ ಈಜು ಕಡ್ಡಾಯವಿತ್ತು. ಹೀಗಾಗಿ ಒಂಬತ್ತನೇ ವಯಸ್ಸಿಗೆ ಅವನೂ ಉಳಿದ ಮಕ್ಕಳ ಜತೆ ನೀರಿಗಿಳಿದ. ಈ ‘ಕಡ್ಡಾಯ’ ಎಂಬ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಷ್ಟವಿದ್ದವರು ಬರಲಿ ಎಂದಿದ್ದರೆ ಇಂಥ ಮಗುವನ್ನು ಎಷ್ಟು ಜನ ಕಳಿಸುತ್ತಿದ್ದರು? ಪಾಪ, ನಿನಗೆ ಬೇಡ ಬಿಡಪ್ಪಾ ಎನ್ನುವುದೇ ನಮ್ಮ ಪ್ರೀತಿಯ ಮಾತು. ಆ ಪ್ರೀತಿಯಲ್ಲೇ ಎಷ್ಟೋ ಮಕ್ಕಳು ಆಟದ ಪೀರಿಯಡ್‌ನಲ್ಲಿ ಎಲ್ಲರ ಚಪ್ಪಲಿ ಕಾಯುತ್ತಾ ಕುಳಿತದ್ದನ್ನು ನಾವು ಕಂಡಿಲ್ಲವೇ?

ಅವನ ಈಜನ್ನು ಗುರುತಿಸಿ ತಿದ್ದಿದವರು ತರಬೇತುದಾರ ಜಾನ್ ಕ್ರಿಸ್ಟೋಫರ್. ತಿದ್ದುವುದು ಎಂದರೆ ಏನೆಂದು ಹೇಳಬೇಕು. ಹುಟ್ಟು ಹಾಕುವ ದೋಣಿಯನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಒಂದೇ ಮಗ್ಗುಲಿಗೆ ಜೋರಾಗಿ ಹುಟ್ಟು ಹಾಕಿದರೆ ದೋಣಿ ಮುಂದೆ ಹೋಗದೆ ಇನ್ನೊಂದು ಮಗ್ಗುಲಿಗೆ ತಿರುಗುತ್ತದೆ. ಬಲಗೈ ಪೂರಾ ಇದ್ದು ಎಡಗೈ ಅರೆಯಾದವರ ಮೈಯೂ ನೀರಲ್ಲಿ ಹಾಗೇ ಎಡಕ್ಕೆ ಎಳೆಯುತ್ತದೆ. ಅದನ್ನು ನೇರ ಇಡಬೇಕಾದ್ದು ಕಾಲು, ಸೊಂಟ, ಹೊಟ್ಟೆಯ ಸ್ನಾಯು. ಅಂದರೆ ಕೈಯ ಕೆಲಸವನ್ನು ಇಡೀ ಮೈ ಹಂಚಿಕೊಳ್ಳಬೇಕು. ಅದಕ್ಕೆ ದಿನ ದಿನವೂ, ವರ್ಷಗಟ್ಟಲೆ, ಬೆಳಗಿನ ಜಾವದ ತಣ್ಣೀರಿನಲ್ಲಿ ಅಭ್ಯಾಸ ಬೇಕು.

ಸ್ಪರ್ಧೆಯ ನಿಯಮವೂ ಕುತೂಹಲದ್ದೇ. ಯಾರು ಯಾರೊಂದಿಗೆ ಈಜಬೇಕು ಎಂದು ಪರೀಕ್ಷಿಸಿ ವರ್ಗ ಕೊಡುತ್ತಾರೆ. ದೈಹಿಕ ಕೊರತೆ ಇರುವವರಿಗೆ 1ರಿಂದ 10. ಸಂಖ್ಯೆ ಚಿಕ್ಕದಾದಷ್ಟೂ ತೊಡಕು ಹೆಚ್ಚು. ದೃಷ್ಟಿ ಇಲ್ಲದವರಿಗೆ 11ರಿಂದ 13. ಶರತ್ ಎಂಟನೆಯ ವರ್ಗದವನು. ಚಿಟ್ಟೆ ಈಜು, ಕಪ್ಪೆ ಈಜುಗಳಲ್ಲಿ ತಿರುವಿನಲ್ಲೂ ಕೊನೆಯಲ್ಲೂ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕೆಂಬುದು ಎಲ್ಲರಿಗಿರುವ ನಿಯಮ. ಕೈಗಳ ಉದ್ದ ಬೇರೆ ಬೇರೆ ಇದ್ದವರಿಗೆ ಉದ್ದದ ಕೈ ಮುಟ್ಟಿದರೆ ಸಾಕು. ಆದರೆ ಗಿಡ್ಡ ಕೈಯನ್ನೂ ಅದರ ಜತೆಜತೆಗೇ ಮುಂದೆ ಚಾಚಿರಬೇಕು. ಹಿಂದೆ ಮಡಚಿ ಇಟ್ಟುಕೊಂಡರೆ ತಪ್ಪಾಗುತ್ತದೆ. ಮುಟ್ಟಲಾಗದಿದ್ದರೂ ಚಾಚು ಎನ್ನುವ ಈ ನಿಯಮವನ್ನು ಬರೆದವರು ಯಾರೋ, ನನಗಂತೂ ಸೆರಗಿನಡಿಯ ಆ ಕೈ ನೆನಪಾಯಿತು.

2010ರಲ್ಲಿ ಚೀನಾದ ಗುವಾಂಗ್‌ಝೌ ಕೂಟದಲ್ಲಿ ಕಂಚು ಬಂತು. 2012ರಲ್ಲಿ ಶರತ್ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಹೋದ. ಅರ್ಹತಾ ಮಟ್ಟ ಮುಟ್ಟಿ ಅಲ್ಲಿಗೆ ಹೋದ ಮೊದಲ ಭಾರತೀಯ ಈಜುಗಾರ ಅವನೇ. ಪದಕ ಬರಲಿಲ್ಲ. ಭಾರತಕ್ಕೆ ಆ ಸಲ ಸಿಕ್ಕಿದ್ದು ಒಂದೇ ಪದಕ, ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ಗೆದ್ದ ಬೆಳ್ಳಿ. ಇಂಚಿಯೋನ್ ಆದ ಮೇಲೆ 2015ರಲ್ಲಿ ಶರತ್‌ಗೆ ಅರ್ಜುನ ಪ್ರಶಸ್ತಿ ಬಂತು. ಅದೇ ಜಾನ್ ಕ್ರಿಸ್ಟೋಫರ್ ಕೈಯಲ್ಲಿ ಪಳಗಿದ ಇನ್ನೊಬ್ಬ ಬೆಂಗಳೂರು ಹುಡುಗ ನಿರಂಜನ್ ಮುಕುಂದನ್. 1994ರಲ್ಲಿ ಬೆನ್ನುಹುರಿಯ ತೊಂದರೆಯೊಂದಿಗೆ ಹುಟ್ಟಿ, ಹತ್ತಾರು ಶಸ್ತ್ರಚಿಕಿತ್ಸೆ ದಾಟಿ, 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದವನು.

ದೋಣಿಯ ಮಾತು ಬಂತಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಹುಟ್ಟು ಹಾಕುವ ಸ್ಪರ್ಧೆ ಸೇರಿದ್ದೇ 2008ರಲ್ಲಿ. 2024ರಲ್ಲಿ ಪ್ಯಾರಿಸ್‌ಗೆ ಭಾರತದಿಂದ ಅನಿತಾ ಮತ್ತು ನಾರಾಯಣ ಕೊಂಗನಪಲ್ಲಿ ಜೋಡಿ ಹೋಗಿತ್ತು. ಕೆರೆಗಳಿಗೆ ನಮ್ಮ ಕಡೆ ಬರವಿಲ್ಲ. ಯಡಿಯೂರು, ಸಾರಕ್ಕಿ, ಮಡಿವಾಳ, ಪುಟ್ಟೇನಹಳ್ಳಿ ಎಲ್ಲ ಇವೆ. ಹುಟ್ಟಿನ ಅಭ್ಯಾಸ ನಡೆಯುವುದು ಮಾತ್ರ ಆಚೆ ಹಲಸೂರು ಕೆರೆಯಲ್ಲಿ, ಅದೂ ಸೈನ್ಯದ ಎಂಜಿನಿಯರ್ ದಳದವರದು. ನಮ್ಮ ಕೆರೆಗಳ ದಂಡೆಯಲ್ಲಿ ನಾವು ವಾಕಿಂಗ್ ಮಾಡುತ್ತೇವೆ, ಗಣೇಶನನ್ನು ಬಿಡುತ್ತೇವೆ. ಹಾಗಾಗಿ ನಮ್ಮ ಮಕ್ಕಳ ಪಾಲಿಗೆ ನೀರೆಂದರೆ ನೀಲಿ ಹೆಂಚು ಹಾಕಿದ, ಕ್ಲೋರಿನ್ ವಾಸನೆಯ ಕೊಳವೇ.

ಈ ಕೊಳಗಳಲ್ಲಿ ಹೆಣ್ಣುಮಕ್ಕಳು ಹಿಂದೆ ಬಿದ್ದವರಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, 2004ರಲ್ಲಿ ಅಥೆನ್ಸ್‌ಗೆ ಹೋದ ಶಿಖಾ ಟಂಡನ್, ಇಬ್ಬರೂ ಬೆಂಗಳೂರಿನ ನೀರಲ್ಲೇ ಬೆಳೆದವರು. ಪ್ಯಾರಾ ಕ್ರೀಡೆಯಲ್ಲೂ ದೀಪಾ ಮಲಿಕ್ 2016ರ ರಿಯೋದಲ್ಲಿ ಗುಂಡೆಸೆದು ಬೆಳ್ಳಿ ತಂದು, ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳಾದರು. ಕಣ್ಣು ಕಾಣದ ನಾಗಪುರದ ಕಾಂಚನಮಾಲಾ ಪಾಂಡೆ 2017ರಲ್ಲಿ ಮೆಕ್ಸಿಕೋದ ವಿಶ್ವ ಕೂಟದಲ್ಲಿ ಈಜಿ ಚಿನ್ನ ಗೆದ್ದರು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಕಣ್ಣಿಲ್ಲದೆಯೂ ಜತೆಗಾರನ ಕೈಗೆ ಕೈ ಕಟ್ಟಿಕೊಂಡು ಓಡಿ 2018ರಲ್ಲಿ ಏಷ್ಯಾದ ಚಿನ್ನ ತಂದರು.

ಆದರೂ ಎರಡು ಬೇಸಿಗೆ ಮೊಮ್ಮಗಳ ಜತೆ ಕೊಳದ ಗ್ಯಾಲರಿಯಲ್ಲಿ ಕೂತು, ಟವೆಲು ಹಿಡಿದು ಕಾದಿದ್ದೇನೆ. ಅಂಗಹೀನ ಗಂಡುಮಗು ಒಂದೆರಡು ಕಂಡವು. ಹೆಣ್ಣುಮಗು ಒಂದೂ ಕಾಣಲಿಲ್ಲ. ಇಲ್ಲವೆಂದೇನಲ್ಲ, ಮನೆಗಳಲ್ಲಿವೆ. ಹುಡುಗನಿಗಾದರೆ ಸ್ಪೋರ್ಟ್ಸ್ ಕೋಟಾ, ಕೆಲಸ ಎಂದು ಒಂದು ಲೆಕ್ಕವಾದರೂ ಇರುತ್ತದೆ. ಹುಡುಗಿಗಾದರೆ ನಾಲ್ಕು ಜನ ನೋಡುತ್ತಾರೆ, ನಾಳೆ ಮದುವೆಯ ಮಾತು ಬರುತ್ತದೆ ಎಂಬ ಲೆಕ್ಕ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು, ಮಗನ ಈಜು ನೋಡುತ್ತಲೇ, ‘ನನ್ನ ತಂಗಿ ಮಗಳಿಗೂ ಒಂದು ಕೈ ಹೀಗೇ ಇದೆ, ಇಲ್ಲಿ ಸೇರಿಸಿಕೊಳ್ಳುತ್ತಾರಾ ಅಕ್ಕಾ?’ ಎಂದು ಮೆಲ್ಲಗೆ ಕೇಳಿದರು. ಮಗುವಿಗೆ ಎಷ್ಟು ವಯಸ್ಸು ಎಂದೆ. ಎಂಟು ತುಂಬಿ ಒಂಬತ್ತು ಎಂದರು. ಇಬ್ಬರೂ ಎದ್ದು ಕೋಚ್ ಹತ್ತಿರ ಹೋಗಿ ಕೇಳಿದೆವು. ಆತ ತಲೆ ಎತ್ತದೆ, ‘ಸೋಮವಾರ ಬೆಳಿಗ್ಗೆ ಆರೂವರೆಗೆ ಕರೆದುಕೊಂಡು ಬನ್ನಿ, ಕ್ಯಾಪು ಕನ್ನಡಕ ಮರೀಬೇಡಿ’ ಎಂದು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡ.