ಮಂಪರು ಪರೀಕ್ಷೆ

ಮಂಪರು ಪರೀಕ್ಷೆ: ಮನಸ್ಸಿನ ಬಿಗಿ ಸಡಿಲಿಸುವ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟು, ಎಚ್ಚರಕ್ಕೂ ನಿದ್ದೆಗೂ ನಡುವಿನ ಸ್ಥಿತಿಯಲ್ಲಿರುವ ವ್ಯಕ್ತಿಯನ್ನು ಪ್ರಶ್ನಿಸುವ ತನಿಖಾ ವಿಧಾನ. ನಾರ್ಕೊ ಅನಾಲಿಸಿಸ್ ಎಂಬ ಹೆಸರೂ ಬಳಕೆಯಲ್ಲಿದೆ. ಸಾಮಾನ್ಯವಾಗಿ ಬಳಸುವ ಔಷಧ ಸೋಡಿಯಂ ಪೆಂಟೊಥಾಲ್. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ನಿದ್ದೆಗೆ ಜಾರಿಸಲು ಅರಿವಳಿಕೆ ತಜ್ಞರು ಕೊಡುತ್ತಿದ್ದದ್ದೂ ಇದನ್ನೇ. ಪ್ರಮಾಣ ಹೆಚ್ಚಾದರೆ ಉಸಿರಾಟವೇ ಕುಸಿಯಬಹುದು. ಆದ್ದರಿಂದ ಪರೀಕ್ಷೆ ನಡೆಯುವುದು ಆಸ್ಪತ್ರೆಯಲ್ಲಿ, ಅರಿವಳಿಕೆ ತಜ್ಞರ ಕಣ್ಗಾವಲಿನಲ್ಲಿ. ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಬ್ರೈನ್ ಮ್ಯಾಪಿಂಗ್‌ಗಳ ಜೊತೆಯಲ್ಲೇ ಇದರ ಹೆಸರು ಕೇಳಿಬರುತ್ತದೆ. ಭಾರತದಲ್ಲಿ ಈ ಮೂರರ ಭವಿಷ್ಯವನ್ನು ನಿರ್ಧರಿಸಿದ ಮೊಕದ್ದಮೆ ಹೊರಟದ್ದು ಕರ್ನಾಟಕದಿಂದ.

'ಸತ್ಯ ಹೇಳಿಸುವ ಮದ್ದಿನ' ಕಲ್ಪನೆ ಪೊಲೀಸ್ ಠಾಣೆಯಲ್ಲಿ ಹುಟ್ಟಿದ್ದಲ್ಲ, ಹೆರಿಗೆಮನೆಯಲ್ಲಿ. ಅಮೆರಿಕದ ಟೆಕ್ಸಾಸ್‌ನ ವೈದ್ಯ ರಾಬರ್ಟ್ ಹೌಸ್, ಸ್ಕೊಪೊಲಮಿನ್ ಪಡೆದ ಬಾಣಂತಿಯರು ಮಂಪರಿನಲ್ಲೂ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸುವುದನ್ನು ಗಮನಿಸಿ, 1922ರಲ್ಲಿ ಡಲ್ಲಾಸ್‌ನ ಇಬ್ಬರು ಕೈದಿಗಳ ಮೇಲೆ ಅದನ್ನು ಪ್ರಯೋಗಿಸಿದರು. ಔಷಧ ಕೊಟ್ಟರೆ ಸುಳ್ಳು ಹೇಳಲಾಗದು ಎಂಬುದು ಅವರ ನಂಬಿಕೆ. ಮುಂದಿನ ಅನುಭವ ಹಾಗೆ ಹೇಳಲಿಲ್ಲ. ಮಂಪರಿನಲ್ಲಿರುವವರು ಮಾತಾಡುತ್ತಾರೆ, ನಿಜ. ಆದರೆ ಆ ಮಾತಿನಲ್ಲಿ ನೆನಪು, ಕಲ್ಪನೆ, ಪ್ರಶ್ನೆ ಕೇಳಿದವರೇ ಅರಿಯದೆ ಕೊಟ್ಟ ಸುಳಿವು ಎಲ್ಲವೂ ಬೆರೆತಿರುತ್ತವೆ. ಮನಸ್ಸು ಗಟ್ಟಿಯಿದ್ದವರು ಸುಳ್ಳನ್ನೂ ಹೇಳಬಲ್ಲರು. ಇಂಥ ಔಷಧದ ಪ್ರಭಾವದಲ್ಲಿ ಪಡೆದ ತಪ್ಪೊಪ್ಪಿಗೆ ಸ್ವಇಚ್ಛೆಯದಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರ ಟೌನ್‌ಸೆಂಡ್ ಮೊಕದ್ದಮೆಯಲ್ಲಿ ಹೇಳಿತು.

ಬೇರೆಡೆ ಮೂಲೆ ಸೇರಿದ್ದ ಈ ವಿಧಾನ 2000ದ ದಶಕದಲ್ಲಿ ಭಾರತದಲ್ಲಿ ಏಕೆ ಬೇರೂರಿತು? ಒಂದು ಕಾರಣ ನಮ್ಮ ಅಂದಿನ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 1872ರ ಆ ಕಾಯ್ದೆಯ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿರಲಿಲ್ಲ. ಆದರೆ 27ನೇ ಕಲಮು ಒಂದು ಕಿಂಡಿ ಬಿಟ್ಟಿತ್ತು: ಆರೋಪಿ ಕೊಟ್ಟ ಮಾಹಿತಿಯಿಂದ ಶವವೋ ಆಯುಧವೋ ಕದ್ದ ಮಾಲೋ ಸಿಕ್ಕರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತಿತ್ತು. ಅಂದರೆ ತಪ್ಪೊಪ್ಪಿಗೆಗಿಂತ ಸುಳಿವು ಬೆಲೆಬಾಳುತ್ತಿತ್ತು. ಬಾಯಿ ಬಿಡಿಸುವ ಯಾವ ಉಪಾಯಕ್ಕಾದರೂ ಇದು ಹದವಾದ ನೆಲವಾಗಿತ್ತು. ಲಾಠಿಯ ಜಾಗದಲ್ಲಿ ಸಿರಿಂಜು ಬಂದರೆ ಥರ್ಡ್ ಡಿಗ್ರಿ ತಪ್ಪುತ್ತದೆ ಎಂಬ ವಾದವೂ ಇದಕ್ಕೆ ಜೊತೆಯಾಯಿತು.

ಆ ವರ್ಷಗಳಲ್ಲಿ ದೇಶದ ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಕರೆತರುತ್ತಿದ್ದದ್ದು ಬೆಂಗಳೂರಿಗೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಈ ಪರೀಕ್ಷೆಗಳಿಗೆ ಹೆಸರಾಗಿತ್ತು. ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯನ್ನೂ ಮಂಪರು ಪರೀಕ್ಷೆಗೆ ಒಳಪಡಿಸಲಾಯಿತು. ಅದರ ದೃಶ್ಯಗಳು ಟಿವಿಯಲ್ಲಿ ಪ್ರಸಾರವಾದವು. ನ್ಯಾಯಾಧೀಶರು ನೋಡಬೇಕಾದದ್ದನ್ನು ಅವರಿಗಿಂತ ಮೊದಲು ಮನೆಮಂದಿಯೆಲ್ಲ ನೋಡಿದಂತಾಯಿತು.

ಕಾನೂನಿನ ಮುಂದಿದ್ದ ಪ್ರಶ್ನೆ ಸಂವಿಧಾನದ 20(3)ನೇ ವಿಧಿಯದು: ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಕೂಡದು. ಬೆರಳಚ್ಚಿನ ಮಟ್ಟಿಗೆ ಇದು ಬಗೆಹರಿದಿತ್ತು. 1961ರಲ್ಲಿ ಕಥಿ ಕಾಲು ಓಘಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ, ಬೆರಳಚ್ಚನ್ನೋ ಕೈಬರಹದ ಮಾದರಿಯನ್ನೋ ಕೊಡುವುದು 'ಸಾಕ್ಷಿಯಾಗುವುದು' ಅಲ್ಲ ಎಂದಿತು. ಅವು ದೇಹಕ್ಕೆ ಸೇರಿದ ಗುರುತುಗಳು. ತನಗೆ ಗೊತ್ತಿರುವುದನ್ನು ಹೊರಗೆಡಹುವ ಹೇಳಿಕೆಗಳಲ್ಲ. ದೇಹ ಬೇರೆ, ಮನಸ್ಸು ಬೇರೆ ಎಂಬ ಈ ಗೆರೆ ಸಲೀಸಾಗಿತ್ತು, ಮನಸ್ಸನ್ನು ದೇಹದ ಮೂಲಕ ಓದುತ್ತೇವೆ ಎನ್ನುವ ಯಂತ್ರಗಳು ಬರುವವರೆಗೆ. ಮಿದುಳಿನ ವಿದ್ಯುತ್ ಅಲೆ ದೇಹದ ಗುರುತೋ, ಹೇಳಿಕೆಯೋ? ಬಾಂಬೆ ಹೈಕೋರ್ಟ್ 2004ರಲ್ಲಿ ಪರೀಕ್ಷೆಗಳ ಪರವಾಗಿ ನಿಂತಿತು. ಕರ್ನಾಟಕ ಹೈಕೋರ್ಟಿನ ನಿಲುವೂ ಹಾಗೆಯೇ ಇತ್ತು.

ಕರ್ನಾಟಕ ಹೈಕೋರ್ಟಿನ ಆ ನಿಲುವಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಮೇಲ್ಮನವಿಯೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಆರ್.ವಿ. ರವೀಂದ್ರನ್ ಮತ್ತು ಜೆ.ಎಂ. ಪಾಂಚಾಲ್ ಅವರ ಪೀಠ 2010ರ ಮೇ 5ರಂದು ತೀರ್ಪು ಕೊಟ್ಟಿತು: ಒಪ್ಪಿಗೆಯಿಲ್ಲದೆ ಈ ಮೂರರಲ್ಲಿ ಯಾವ ಪರೀಕ್ಷೆಯನ್ನೂ ಮಾಡುವಂತಿಲ್ಲ; ಅದು 20(3)ರ ಜೊತೆಗೆ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೂ ವಿರುದ್ಧ. ಬಾಯಿ ಆಡದಿದ್ದರೂ ಮನಸ್ಸಿನಲ್ಲಿರುವುದನ್ನು ಹೊರಗೆಳೆದರೆ ಅದು ಹೇಳಿಕೆಯೇ. ದಂಡ ಪ್ರಕ್ರಿಯಾ ಸಂಹಿತೆಗೆ 2005ರಲ್ಲಿ ಮಾಡಿದ ತಿದ್ದುಪಡಿ ವೈದ್ಯಕೀಯ ತಪಾಸಣೆಯ ಪಟ್ಟಿಗೆ ರಕ್ತ, ವೀರ್ಯ, ಡಿಎನ್‌ಎಗಳ ಜೊತೆ 'ಇತರ ಪರೀಕ್ಷೆಗಳು' ಎಂದೂ ಸೇರಿಸಿತ್ತು. ಆ ಎರಡು ಪದಗಳೊಳಗೆ ಮಂಪರು ಪರೀಕ್ಷೆಯನ್ನು ತುರುಕಬಹುದೆಂಬ ಸರ್ಕಾರದ ವಾದವನ್ನು ಪೀಠ ಒಪ್ಪಲಿಲ್ಲ. ಪಟ್ಟಿಯಲ್ಲಿರುವುದೆಲ್ಲ ದೇಹದ ಮಾದರಿಗಳು, 'ಇತರ' ಎಂದರೂ ಅದೇ ಜಾತಿಯವು ಎಂದಿತು. ತಾನಾಗಿ ಒಪ್ಪುವವನ ಮಟ್ಟಿಗೆ ಬಾಗಿಲು ತೆರೆದೇ ಇದೆ. ಅಂಥವನಿಗೆ ವಕೀಲರ ನೆರವು ಸಿಗಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಅವನು ಹೇಳಿದ್ದು ಆಗಲೂ ಸಾಕ್ಷ್ಯವಲ್ಲ. ಅದರಿಂದ ಮುಂದೆ ಸಿಕ್ಕ ವಸ್ತು ಅಥವಾ ಮಾಹಿತಿ ಆಗಿನ ಸಾಕ್ಷ್ಯ ಕಾಯ್ದೆಯ 27ನೇ ಕಲಮಿನಡಿ ಸಾಕ್ಷ್ಯವಾಗಬಹುದು ಎಂದಿತು ಪೀಠ.

ವಿಜ್ಞಾನ ಸಂಸ್ಥೆಗಳೂ ಸುಮ್ಮನಿರಲಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ್ದ ಮನಶ್ಶಾಸ್ತ್ರಜ್ಞ ಸಿ.ಆರ್. ಮುಕುಂದನ್ ರೂಪಿಸಿದ ಮಿದುಳು ಪರೀಕ್ಷೆಯೊಂದರ ಫಲಿತಾಂಶವನ್ನು 2008ರಲ್ಲಿ ಪುಣೆಯ ನ್ಯಾಯಾಲಯ ಕೊಲೆ ಪ್ರಕರಣದ ಶಿಕ್ಷೆಗೆ ಆಧಾರಗಳಲ್ಲಿ ಒಂದಾಗಿ ಸ್ವೀಕರಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿ ಇಂಥ ಮಿದುಳು ಪರೀಕ್ಷೆಗಳಿಗೆ ವೈಜ್ಞಾನಿಕ ತಳಹದಿ ಸಾಲದು ಎಂದು ವರದಿ ಕೊಟ್ಟಿತು. ಒಂದೇ ಊರಿನ ಪರಿಣತಿ ಎರಡೂ ಕಡೆ ನಿಂತದ್ದು ಈ ಕಥೆಯ ಸ್ವಾರಸ್ಯ.

ಸೆಲ್ವಿ ತೀರ್ಪಿನ ಬಲ ಇರುವುದು ಒಪ್ಪಿಗೆಯ ಮೇಲೆ, ನಂಬಲರ್ಹತೆಯ ಮೇಲಲ್ಲ. ಪರೀಕ್ಷೆಗಳ ವೈಜ್ಞಾನಿಕ ದೌರ್ಬಲ್ಯವನ್ನು ಅದು ವಿಸ್ತಾರವಾಗಿ ಚರ್ಚಿಸಿತಾದರೂ, ಯಾವ ಹೊಸ ವಿಧಾನ ನ್ಯಾಯಾಲಯದ ಹೊಸ್ತಿಲು ದಾಟಬಹುದು ಎಂಬುದಕ್ಕೆ ಸಾಮಾನ್ಯ ಅಳತೆಗೋಲು ಕೊಡಲಿಲ್ಲ. ಅಮೆರಿಕದಲ್ಲಿ 1923ರ ಫ್ರೈ ತೀರ್ಪು ಸುಳ್ಳು ಪತ್ತೆಯ ರಕ್ತದೊತ್ತಡ ಪರೀಕ್ಷೆಯನ್ನು ತಳ್ಳಿಹಾಕುವಾಗಲೇ, ಆಯಾ ಶಾಸ್ತ್ರದವರು ಸಾಮಾನ್ಯವಾಗಿ ಒಪ್ಪಿರಬೇಕು ಎಂಬ ನಿಯಮ ಮಾಡಿತ್ತು. 1993ರ ಡಾಬರ್ಟ್ ತೀರ್ಪು ಪ್ರಯೋಗದಿಂದ ಪರೀಕ್ಷಿಸಲು ಸಾಧ್ಯವೇ, ತಪ್ಪಾಗುವ ಪ್ರಮಾಣ ಎಷ್ಟು ಎಂದೂ ಕೇಳಿತು. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಏಳು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಪ್ರಯೋಗಾಲಯದ ಪಾತ್ರ ಹೀಗೆ ಹಿಗ್ಗಿದರೂ, ಅಲ್ಲಿಂದ ಬರುವ ವರದಿಯ ವಿಜ್ಞಾನವನ್ನು ಒರೆಗೆ ಹಚ್ಚುವ ನಿಯಮವನ್ನು ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಬರೆದಿಲ್ಲ. ಇದು ದೊಡ್ಡ ಕೊರತೆ.

ಠಾಣೆಯ ಕಸ್ಟಡಿಯಲ್ಲಿರುವವನು ಕೊಡುವ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ಸಂಶಯವೂ ಉಳಿದಿದೆ. ಆದರೂ ತೀರ್ಪು ಕೆಲಸ ಮಾಡುತ್ತಿದೆ. 2024ರಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಕೊಲೆ ಪ್ರಕರಣದಲ್ಲಿ ಆರೋಪಿ ಒಪ್ಪದ ಕಾರಣ ಮಂಪರು ಪರೀಕ್ಷೆಗೆ ಅನುಮತಿ ಸಿಗಲಿಲ್ಲ. 2025ರ ಜೂನ್‌ನಲ್ಲಿ ಬಿಹಾರದ ಅಮ್ಲೇಶ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಬಲವಂತದ ಪರೀಕ್ಷೆ ಸಲ್ಲದು ಎಂದು ಮತ್ತೆ ಹೇಳಿ, ತನ್ನನ್ನು ಪರೀಕ್ಷಿಸಿ ಎಂದು ಆರೋಪಿಯೇ ಕೇಳಿದರೂ ಅದು ಅವನ ಪರಿಪೂರ್ಣ ಹಕ್ಕಲ್ಲ, ನ್ಯಾಯಾಲಯ ಸಂದರ್ಭ ನೋಡಿ ತೀರ್ಮಾನಿಸಬೇಕು ಎಂದಿತು.