ಹಣೆಬರಹಕ್ಕೆ ಅಂಕ ಹಾಕಿದವರು

‘ಇವಕ್ಕೆ ವಿದ್ಯೆ ತಲೆಗೆ ಹತ್ತಲ್ಲ ಬಿಡ್ರಿ.’ ಕೇರಿಯಿಂದ ಶಾಲೆಗೆ ಹೋದ ನಾವು ಕಾಗುಣಿತಕ್ಕಿಂತ ಮೊದಲು ಕಲಿತ ಪಾಠ ಇದು. ಇಲ್ಲಿ ಆ ಮಾತಿಗೆ ಶಾಸ್ತ್ರದ ಒತ್ತಾಸೆ ಇತ್ತು. ಅಮೆರಿಕದಲ್ಲಿ ಅದೇ ಮಾತಿಗೆ ವಿಜ್ಞಾನದ ಅಂಗಿ ತೊಡಿಸಿದರು. ಅದರ ಹೆಸರು ಐ.ಕ್ಯೂ.

ಶುರು ಮಾಡಿದವನು ಕೆಟ್ಟವನಲ್ಲ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಸಿಮೋನ್ ಜೊತೆಗೂಡಿ ಒಂದು ಪರೀಕ್ಷೆ ರಚಿಸಿದ. ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಹೆಚ್ಚಿನ ನೆರವು ಕೊಡಬೇಕು, ಅಷ್ಟೇ ಉದ್ದೇಶ. ಬುದ್ಧಿ ಹುಟ್ಟಿನಲ್ಲೇ ಅಳೆದಿಟ್ಟದ್ದು ಅನ್ನೋದನ್ನ ಅವನು ಒಪ್ಪಲಿಲ್ಲ. 1911ರಲ್ಲಿ ಸತ್ತ. 1916ರಲ್ಲಿ ಸ್ಟ್ಯಾನ್‌ಫರ್ಡಿನ ಟರ್ಮನ್ ಆ ಪರೀಕ್ಷೆಯನ್ನು ಹಿಗ್ಗಿಸಿ, ಮಗುವಿನ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದ ಲೆಕ್ಕವನ್ನು ಶಾಲೆಗಳಿಗೆ ತಂದ. ನೆರವು ಬೇಕಾದ ಮಗು ಹುಟ್ಟುದಡ್ಡ ಆಯಿತು. (ಬಾಬಾಸಾಹೇಬರು ನ್ಯೂಯಾರ್ಕಿನಲ್ಲಿ ಓದಿದ್ದು 1913ರಿಂದ 1916ರವರೆಗೆ. ಅದೇ ಊರಿನ ಬಂದರಿನಲ್ಲಿ ಆಗ ಹಡಗಿಳಿದ ಬಡ ವಲಸಿಗರ ಮೇಲೆ ಗಾಡರ್ಡ್ ಎಂಬವನ ತಂಡ ಈ ಪರೀಕ್ಷೆಯನ್ನು ಪ್ರಯೋಗಿಸುತ್ತಿತ್ತು.)

1917ರಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಯರ್ಕ್ಸ್ ಎಂಬ ಮನಶ್ಶಾಸ್ತ್ರಜ್ಞನ ಮುಂದಾಳತ್ವದಲ್ಲಿ 17 ಲಕ್ಷಕ್ಕೂ ಹೆಚ್ಚು ಸೈನಿಕರ ಬುದ್ಧಿ ಅಳೆದರು. ಓದು ಬರದವರಿಗೆ ಚಿತ್ರದ ಪರೀಕ್ಷೆ. ಒಂದು ಚಿತ್ರದಲ್ಲಿ ಟೆನ್ನಿಸ್ ಅಂಗಳ. ಅದರಲ್ಲಿ ಏನು ಇಲ್ಲ ಹೇಳು? ಬಲೆ ಇಲ್ಲ ಅನ್ನಬೇಕು. ಹತ್ತಿ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದವನು ಟೆನ್ನಿಸ್ ಯಾವಾಗ ಕಂಡಿದ್ದ ಸ್ವಾಮಿ? ನಮ್ಮಪ್ಪನಿಗೆ ಆ ಚಿತ್ರ ಕೊಟ್ಟಿದ್ದರೆ ಅವನೂ ದಡ್ಡನೇ. ನೇಗಿಲಿನ ಚಿತ್ರ ಬರೆದು ಕುಳ ಬಿಟ್ಟಿದ್ದರೆ ಆ ಪ್ರೊಫೆಸರರ ಗತಿ ಏನಾಗುತ್ತಿತ್ತೋ!

ಬಿಳಿಯರ ಸರಾಸರಿ ಮಾನಸಿಕ ವಯಸ್ಸು 13, ಕಪ್ಪು ಜನರದ್ದು ಹತ್ತೂವರೆಗೂ ಕಡಿಮೆ ಅಂತ ಸಾರಿದರು. ಆದರೆ ಅವರ ಅಂಕಪಟ್ಟಿಯೊಳಗೇ ಬೇರೆ ಕತೆ ಇತ್ತು. ಒಹಾಯೊ, ಇಲಿನಾಯ್‌ನಂಥ ಉತ್ತರದ ರಾಜ್ಯಗಳ ಕಪ್ಪು ಸೈನಿಕರು ಮಿಸಿಸಿಪಿ, ಅರ್ಕಾನ್ಸಾದ ಬಿಳಿಯರಿಗಿಂತ ಮುಂದಿದ್ದರು. ಉತ್ತರದಲ್ಲಿ ಶಾಲೆಗೆ ದುಡ್ಡಿತ್ತು, ದಕ್ಷಿಣದಲ್ಲಿ ಇರಲಿಲ್ಲ. ವಲಸಿಗರ ಅಂಕ ಅವರು ಅಮೆರಿಕದಲ್ಲಿ ಕಳೆದ ವರ್ಷ ಹೆಚ್ಚಿದಂತೆ ಏರುತ್ತಿತ್ತು. ಭಾಷೆ ಕಲಿತರು, ಊರು ಕಂಡರು, ಅಂಕ ಬಂತು. ಬ್ರಿಗಮ್ ಎಂಬ ವಿದ್ವಾಂಸ ಮಾತ್ರ 1923ರಲ್ಲಿ, ಮೊದಲು ಬಂದವರು ಒಳ್ಳೆ ರಕ್ತದವರು, ಆಮೇಲೆ ಬಂದವರು ಕೀಳು ರಕ್ತದವರು ಅಂತ ಪುಸ್ತಕ ಬರೆದ. ಮರುವರ್ಷವೇ ದಕ್ಷಿಣ, ಪೂರ್ವ ಯುರೋಪಿನ ಬಡವರಿಗೆ ಬಾಗಿಲು ಬಿಗಿಯುವ ಕಾನೂನು ಬಂತು. ಅದಕ್ಕೆ ಈ ಪುಸ್ತಕವೊಂದೇ ಕಾರಣವಲ್ಲ, ದ್ವೇಷ ಮೊದಲೇ ಇತ್ತು. 1930ರಲ್ಲಿ ಬ್ರಿಗಮ್ ತನ್ನ ಮಾತು ತಪ್ಪೆಂದು ಒಪ್ಪಿಕೊಂಡ. ಆ ಕೋಟಾ ಪದ್ಧತಿ ಹೋಗಲಿಕ್ಕೆ 1965 ಬರಬೇಕಾಯಿತು.

ಶಾಲೆಯ ಅಂಕಕ್ಕೂ ಐ.ಕ್ಯೂ. ಅಂಕಕ್ಕೂ ನಂಟಿದೆ, ನಾವು ಅಲ್ಲಗಳೆಯುವುದಿಲ್ಲ. ಎರಡೂ ಒಂದೇ ಬೆಂಚಿನ ಪರೀಕ್ಷೆ. 1930ರ ದಶಕದಲ್ಲಿ ವಿ. ವಿ. ಕಾಮತರು ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಪ್ರಶ್ನೆಯ ಭಾಷೆ ಬದಲಾಯಿಸಬಹುದು. ಕೇರಿ, ಅಗ್ರಹಾರದ ಅಂತರವನ್ನು ಯಾವ ಅನುವಾದ ದಾಟಿಸುತ್ತೆ?

ವರ್ಜೀನಿಯಾದ ಕ್ಯಾರಿ ಬಕ್ ಬಡ ಬಿಳಿ ಹುಡುಗಿ. ಸಾಕಿದ ಮನೆಯವರ ಸಂಬಂಧಿಕನೊಬ್ಬ ಬಲಾತ್ಕಾರ ಮಾಡಿದ ಅಂತ ಅವಳೇ ಮುಂದೆ ಹೇಳಿದಳು. ಬಸುರಾದವಳನ್ನು ಮಂದಬುದ್ಧಿಯವರ ಆಶ್ರಮಕ್ಕೆ ಹಾಕಿದರು. ಬಿನೆ ಪರೀಕ್ಷೆಯ ಪ್ರಕಾರ ಅವಳ ಮಾನಸಿಕ ವಯಸ್ಸು ಒಂಬತ್ತು. ತಾಯಿಯೂ ಮಂದಬುದ್ಧಿ, ಹಸುಗೂಸು ವಿವಿಯನ್ನೂ ಮಂದಬುದ್ಧಿ ಅಂತ ಬರೆದುಕೊಂಡರು. ಮೂರು ತಲೆಮಾರು ಸಾಕು ಅಂತ 1927ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕ್ಯಾರಿಗೆ ಬಲವಂತವಾಗಿ ಸಂತಾನಹರಣ ಮಾಡಿದರು. ಅಂಥ ಕಾನೂನುಗಳಿಗೆ ಆ ದೇಶದಲ್ಲಿ ಒಟ್ಟು 60,000ಕ್ಕೂ ಹೆಚ್ಚು ಜನ ಬಲಿಯಾದರು.

ವಿವಿಯನ್ ಶಾಲೆಗೆ ಹೋದಳು. 1931ರಲ್ಲಿ ಒಳ್ಳೆ ಅಂಕ ಪಡೆದ ಮಕ್ಕಳ ಗೌರವ ಪಟ್ಟಿಯಲ್ಲಿ ಅವಳ ಹೆಸರಿತ್ತು. ಮರುವರ್ಷ, ಎಂಟು ವಯಸ್ಸಿಗೆ, ಕಾಯಿಲೆಯಿಂದ ತೀರಿಕೊಂಡಳು.