ವೃಷಭಾವತಿ: ಬೇಸಿಗೆಯನ್ನು ಕಳೆದುಕೊಂಡ ಹಳ್ಳ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಪಯಣಿಸುವವರು ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ರಸ್ತೆಯ ಮಗ್ಗುಲಲ್ಲಿಯೇ ಸಾಗುವ ಕಪ್ಪು ಪ್ರವಾಹವೊಂದನ್ನು ಕಂಡೇ ಇರುತ್ತಾರೆ. ಹಲವರು ಅದನ್ನು ಮೋರಿಯೆಂದು ಕರೆದು ಮೂಗು ಮುಚ್ಚಿಕೊಳ್ಳುವರು. ಅದರ ನಿಜನಾಮ ವೃಷಭಾವತಿ. ಸಂಸ್ಕೃತದ 'ವೃಷಭ' ಶಬ್ದವೇ ಕನ್ನಡದಲ್ಲಿ 'ಬಸವ' ಎಂದು ತದ್ಭವವಾಯಿತೆಂಬುದು ವ್ಯಾಕರಣ ಓದಿದವರಿಗೆಲ್ಲ ತಿಳಿದ ವಿಷಯ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದ ಒರತೆಯೇ ಈ ತೊರೆಯ ಮೂಲವೆಂಬ ಪ್ರತೀತಿಯಿಂದ ಈ ಹೆಸರು ಬಂದಿದೆ. ಮಲ್ಲೇಶ್ವರದವರು ಈ ಮಾತನ್ನು ಒಪ್ಪುವುದಿಲ್ಲ. ಕಾಡುಮಲ್ಲೇಶ್ವರ ದೇಗುಲದ ಎದುರಿಗಿರುವ ನಂದೀತೀರ್ಥವೇ ಮೂಲವೆಂದು ಅವರ ವಾದ. ಎರಡು ಕಡೆಯೂ ನಂದಿಯೇ ಇರುವುದರಿಂದ ಹೆಸರಿಗೇನೂ ಬಾಧಕವಿಲ್ಲ. ಭೂಗೋಳದ ದೃಷ್ಟಿಯಿಂದ ನೋಡಿದರೆ ಎರಡು ವಾದಗಳೂ ಸರಿಯೇ. ಇಂತಹ ಹಳ್ಳಗಳಿಗೆ ಒಂದೇ ಮೂಲವಿರುವುದಿಲ್ಲ. ದಿಣ್ಣೆಯ ಇಳಿಜಾರೆಲ್ಲವೂ ಮೂಲವೇ.

ಈ ದಿಣ್ಣೆಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಯಾವ ಮಹಾನದಿಯ ದಡದಲ್ಲಿಯೂ ಇಲ್ಲ. ಅದು ಕುಳಿತಿರುವುದು ನೀರು ಇಬ್ಭಾಗವಾಗುವ ಏಣಿನ ಮೇಲೆ. ಉತ್ತರದಿಂದ ದಕ್ಷಿಣಕ್ಕೆ ಓರೆಯಾಗಿ ಹಾಯ್ದಿರುವ ಆ ಏಣಿನ ಮೂಡಲಿಗೆ ಬಿದ್ದ ಮಳೆ ಹೆಬ್ಬಾಳದ ಕಣಿವೆಯನ್ನೋ ಕೋರಮಂಗಲ–ಚಲ್ಲಘಟ್ಟದ ಕಣಿವೆಯನ್ನೋ ಹಿಡಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಡುವಲಿಗೆ ಬಿದ್ದದ್ದು ವೃಷಭಾವತಿಯಾಗಿ, ಅರ್ಕಾವತಿಯಾಗಿ, ಕಡೆಗೆ ಕಾವೇರಿಯಾಗುತ್ತದೆ. ಏಣಿನ ನೆತ್ತಿಯ ಮೇಲಿರುವ ಮನೆಯೊಂದರ ಸೂರಿನ ಎರಡು ಮಗ್ಗುಲಿಂದ ಇಳಿದ ಹನಿಗಳು ಕಡಲೂರಿನ ಬಳಿ ಒಂದು, ಪೂಂಪುಹಾರಿನ ಬಳಿ ಒಂದು, ಹೀಗೆ ಬೇರೆ ಬೇರೆ ಕಡೆ ಸಮುದ್ರವನ್ನು ಮುಟ್ಟುವ ಸಾಧ್ಯತೆಯುಂಟು.

ಇಂದು 'ವೃಷಭಾವತಿ ಸತ್ತುಹೋಗಿದೆ' ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಚರಿತ್ರೆಯನ್ನು ಅವಲೋಕಿಸಿದರೆ ಈ ಮಾತು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಸತ್ತ ತೊರೆ ಬತ್ತುತ್ತದೆ, ಇದು ಬತ್ತುತ್ತಿಲ್ಲ. ನಿಜವಾಗಿ ನಡೆದದ್ದು ಅದಕ್ಕೆ ವಿಪರೀತವಾದದ್ದು. ವರ್ಷದ ಕೆಲವು ತಿಂಗಳು ಮಾತ್ರ ಹರಿದು ಬೇಸಿಗೆಯಲ್ಲಿ ವಿಶ್ರಮಿಸುತ್ತಿದ್ದ ಹಳ್ಳವು ಈಗ ಹನ್ನೆರಡು ತಿಂಗಳೂ ಎಡೆಬಿಡದೆ ಹರಿಯುತ್ತಿದೆ. ಅದು ಕಳೆದುಕೊಂಡಿರುವುದು ತನ್ನ ಬೇಸಿಗೆಯನ್ನು.

ಮೊದಲಿನ ಕ್ರಮ ಹೇಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಈ ಪ್ರದೇಶಕ್ಕೆ ವರ್ಷಕ್ಕೆ ಸುಮಾರು 95 ಸೆಂಟಿಮೀಟರ್ ಮಳೆ. ಚೈತ್ರ ವೈಶಾಖಗಳಲ್ಲಿ ಗುಡುಗು ಸಿಡಿಲಿನ ಮುಂಗಾರುಪೂರ್ವದ ಮಳೆ, ಆಮೇಲೆ ನೈಋತ್ಯ ಮಾರುತ, ಭಾದ್ರಪದ ಆಶ್ವಯುಜಗಳಲ್ಲಿ ಎಲ್ಲಕ್ಕಿಂತ ಜೋರು. ಕಾರ್ತಿಕ ಕಳೆದ ಮೇಲೆ ನೀರು ಸಣ್ಣದಾಗಿ, ಮಾಘ ಫಾಲ್ಗುಣಗಳಲ್ಲಿ ಮರಳು ಕಾಣುವುದು, ಮರಳನ್ನು ತೋಡಿದರೆ ಚಿಲುಮೆಯಲ್ಲಿ ತಿಳಿನೀರು ಜಿನುಗುವುದು ಬಯಲುಸೀಮೆಯ ಹಳ್ಳಗಳೆಲ್ಲದರ ಸ್ವಭಾವ. ಇಂತಹ ಹಳ್ಳವನ್ನು ನಂಬಿ ಊರು ಕಟ್ಟುವವನು ಮಳೆಗಾಲದ ನೀರನ್ನು ಬೇಸಿಗೆಗೆ ದಾಟಿಸುವ ಉಪಾಯವನ್ನು ಮೊದಲು ಮಾಡಬೇಕು. ಆ ಉಪಾಯವೇ ಕೆರೆ. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳಿಗೆ ಅಸ್ತಿಭಾರ ಹಾಕಿದನೆಂದು ಹೇಳಲಾಗುವ ಕೆಂಪೇಗೌಡನ ಹೆಸರಿನಲ್ಲಿಯೇ ಇರುವ ಕೆಂಪಾಂಬುಧಿ, ಪೇಟೆಯ ಪಡುವಲಿಗಿದ್ದ ಧರ್ಮಾಂಬುಧಿ, ಇವು ಈ ಕಣಿವೆಯ ನೆತ್ತಿಯ ಕೆರೆಗಳು. ಮೇಲಿನ ಕೆರೆ ಕೋಡಿಬಿದ್ದರೆ ಕೆಳಗಿನದಕ್ಕೆ ನೀರು. ಹೀಗೆ ಒಂದರ ಉಬ್ಬರ ಇನ್ನೊಂದರ ಜೀವನ. ಕೆರೆಗಳಿಗೆ 'ಅಂಬುಧಿ', ಅಂದರೆ ಕಡಲು, ಎಂದು ಹೆಸರಿಟ್ಟವರ ಮನಸ್ಸಿನಲ್ಲಿ ಎಷ್ಟು ಬೇಸಿಗೆಗಳ ಭಯವಿತ್ತೋ!

ಕೆಂಪಾಂಬುಧಿ ಇಂದಿಗೂ ಉಳಿದಿದೆ. ಧರ್ಮಾಂಬುಧಿ ಬತ್ತಿ ಮೈದಾನವಾಗಿ, ಮೈದಾನ ಬಸ್ ನಿಲ್ದಾಣವಾಯಿತು. ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಭಕ್ತರು ಕಾಲಿಡುವುದು ಕೆರೆಯಂಗಳದ ಮೇಲೆ.

ಊರು ಕೋಟೆ ಪೇಟೆಗಳಿಂದ ಹೊರಬಿದ್ದದ್ದೂ ಈ ಕಣಿವೆಯ ಅಂಚಿನಲ್ಲಿಯೇ. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗು ಮಾರಿಯ ನಂತರ ಗಾಳಿ ಬೆಳಕಿನ ವಿಶಾಲ ಬೀದಿಗಳ ಬಸವನಗುಡಿ, ಮಲ್ಲೇಶ್ವರ. ವೃಷಭಾವತಿಯ ಮೂಲವೆಂದು ಹೇಳುವ ಎರಡು ಸ್ಥಳಗಳೂ ಒಂದೇ ಕಾಲದಲ್ಲಿ ಬಡಾವಣೆಗಳಾದದ್ದು ಕುತೂಹಲದ ಸಂಗತಿ. ಅದಕ್ಕೂ ಮೊದಲೇ 1884ರಲ್ಲಿ ಸ್ಥಾಪಿತವಾಗಿ ಮುಂದೆ ಬಿನ್ನಿ ಗಿರಣಿಯೆಂದು ಹೆಸರಾದ ಬಟ್ಟೆಯ ಕಾರ್ಖಾನೆಯು ಕಣಿವೆಯಲ್ಲಿ ನಿಂತಿತ್ತು. ಮೈಸೂರಿನ ರೈಲುಹಾದಿ ನಗರದಿಂದ ಹೊರಟು ಇದೇ ಕಣಿವೆಯ ಇಳಿಜಾರನ್ನು ಹಿಡಿಯಿತು. ಹೆದ್ದಾರಿಯೂ ಅದನ್ನೇ ಅನುಸರಿಸಿತು. 2021ರಲ್ಲಿ ಕೆಂಗೇರಿಯವರೆಗೆ ಬಂದ ಮೆಟ್ರೋ ಕೂಡ ಬೇರೆ ದಾರಿ ಕಾಣಲಿಲ್ಲ. ನೀರು ಸಾವಿರಾರು ವರ್ಷ ಸವೆಸಿದ ದಾರಿ ಎಂಜಿನಿಯರುಗಳಿಗೆ ಸುಲಭದ ದಾರಿ. ಆದರೆ ದಾರಿಯನ್ನು ಕೊಟ್ಟ ನೀರಿಗೆ ಉಳಿದದ್ದು ಎರಡು ಕಾಂಕ್ರೀಟ್ ಗೋಡೆಗಳ ನಡುವಣ ಇಕ್ಕಟ್ಟು. ಜೋರು ಮಳೆ ಬಂದ ದಿನ ಅದು ತನ್ನ ಹಳೆಯ ಅಗಲವನ್ನು ನೆನೆಸಿಕೊಳ್ಳುತ್ತದೆ. ಪಶ್ಚಿಮವಾಹಿನಿಯೆಂಬ ಇನ್ನೊಂದು ತೊರೆಯೊಡನೆ ಕೂಡಿದ ಸ್ಥಳವೆಂದು ಪ್ರಸಿದ್ಧವಾದ ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯೊಳಕ್ಕೆ ಇದರ ನೀರು ನುಗ್ಗಿದ್ದು ಒಂದೆರಡು ಬಾರಿಯಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒರತೆಗಳು ಬತ್ತಿದವು, ಕೆರೆಗಳು ಹೂತುಹೋದವು. ಹಾಗಿರುವಾಗ ಹನ್ನೆರಡು ತಿಂಗಳೂ ಹರಿಯುವ ಈ ನೀರು ಎಲ್ಲಿಯದು?

1974ರಲ್ಲಿ ಕಾವೇರಿಯ ನೀರು ಮೊದಲ ಬಾರಿಗೆ ಬೆಂಗಳೂರಿಗೆ ಬಂದಿತು. ಅದಕ್ಕೆ ಮುಂಚೆ ನಗರವು ಅರ್ಕಾವತಿಯ ಹೆಸರಘಟ್ಟವನ್ನೂ, 1933ರಿಂದ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವನ್ನೂ ಆಶ್ರಯಿಸಿತ್ತು. ಶಿವ ಅಣೆಕಟ್ಟೆಯಿಂದ ತಂದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳಿಸಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಏರಿಸುತ್ತಾರೆ. ಮೊದಲ ನಾಲ್ಕು ಹಂತಗಳಲ್ಲಿ ದಿನವೊಂದಕ್ಕೆ 1450 ದಶಲಕ್ಷ ಲೀಟರ್; 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತಕ್ಕೆ ಮತ್ತೆ 775 ದಶಲಕ್ಷ ಲೀಟರ್. ಮನೆಗೆ ಬಂದ ನೀರಿನಲ್ಲಿ ನಾಲ್ಕೈದಾಂಶದಷ್ಟು ಬಚ್ಚಲಿನ ದಾರಿ ಹಿಡಿಯುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ನಗರದ ಪಡುವಲ ಪಾಲಿನದು ಇಳಿಯುವ ಜಾಗ ವೃಷಭಾವತಿ. ಈ ಕಣಿವೆಯಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕ 1970ರ ದಶಕದಲ್ಲಿಯೇ ಆರಂಭವಾಯಿತಾದರೂ ನಗರದ ಬೆಳವಣಿಗೆ ಅದಕ್ಕಿಂತ ಸದಾ ಒಂದು ಹೆಜ್ಜೆ ಮುಂದೆಯೇ ಇದ್ದಿತು. ಪೀಣ್ಯದ ಕಾರ್ಖಾನೆಗಳ ಕಾಲುವೆಗಳೂ ಇಲ್ಲಿಗೇ ಸೇರಿದವು. ಹೀಗೆ ಬಸವನ ಪಾದದ ಹಳ್ಳದಲ್ಲಿ ಇಂದು ಬೇಸಿಗೆಯಲ್ಲಿ ಹರಿಯುವುದು ಬಹುಮಟ್ಟಿಗೆ, ಒಮ್ಮೆ ಬಳಸಿ ಬಿಟ್ಟ ಕಾವೇರಿ.

ಇದು ಬರಿಯ ಚಮತ್ಕಾರದ ಮಾತಲ್ಲ, ನ್ಯಾಯಾಲಯದವರೆಗೆ ಹೋದ ವಿಷಯ. 2007ರಲ್ಲಿ ಅಂತಿಮ ತೀರ್ಪು ಕೊಟ್ಟ ಕಾವೇರಿ ನ್ಯಾಯಾಧಿಕರಣವು ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಪರಿಗಣಿಸಿ ಅದಕ್ಕನುಗುಣವಾಗಿ ಕುಡಿಯುವ ನೀರನ್ನು ಲೆಕ್ಕ ಹಾಕಿತು; ಅಗತ್ಯದ ಅರ್ಧವನ್ನು ಅಂತರ್ಜಲದಿಂದ ಪೂರೈಸಿಕೊಳ್ಳಬಹುದೆಂದೂ ಭಾವಿಸಿತು. ಆ ಮೂರನೆಯ ಒಂದು ಭಾಗವೆಂದರೆ ಏಣಿನ ಪಡುವಲ ಮಗ್ಗುಲು. ಮಳೆಗೆ ಅನ್ವಯಿಸುವ ಗೆರೆಯನ್ನು ಬಾಯಾರಿಕೆಗೂ ಅನ್ವಯಿಸಿದ್ದು ಎಷ್ಟು ಯುಕ್ತವೆಂದು ಆಗಲೇ ಹಲವರು ಕೇಳಿದ್ದರು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಆ ಎಣಿಕೆಯನ್ನು ಒಪ್ಪದೆ ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಅಡಿ ಹೆಚ್ಚಿಸಿತು, ಅದರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಸಲುವಾಗಿ. ಕುಡಿಯಲು ಕೊಟ್ಟ ನೀರಿನಲ್ಲಿ ನೂರಕ್ಕೆ 20ರಷ್ಟು ಮಾತ್ರ ವ್ಯಯವಾಗುವುದೆಂದು, ಉಳಿದದ್ದು ಹಿಂದಿರುಗುವುದೆಂದು ಈ ಲೆಕ್ಕಗಳಲ್ಲಿ ಎಣಿಸುವರು. ಹಿಂದಿರುಗುವ ದಾರಿಯಲ್ಲಿ ಇರುವವರು ಯಾರೆಂಬುದು ಲೆಕ್ಕದಲ್ಲಿ ಬರುವುದಿಲ್ಲ.

ಆ ದಾರಿಯಲ್ಲಿ ಇರುವವರು ಕೆಂಗೇರಿ ದಾಟಿದ ಮೇಲಿನ ಹಳ್ಳಿಗಳವರು, ವಿಶೇಷವಾಗಿ ಬಿಡದಿಯ ಬಳಿಯ ಬೈರಮಂಗಲದವರು. 2025ರವರೆಗೆ ರಾಮನಗರವೆಂದಿದ್ದು ಈಗ ಬೆಂಗಳೂರು ದಕ್ಷಿಣವೆಂದು ಕರೆಯಲ್ಪಡುವ ಜಿಲ್ಲೆಗೆ ಸೇರಿದ ಈ ಊರಿನಲ್ಲಿ 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಜಲಾಶಯ ಕಟ್ಟಿದರು. ಕಟ್ಟಿಸಿದವರ ಕಣ್ಣಮುಂದಿದ್ದುದು ಮಳೆಗಾಲದ ಹಳ್ಳ, ಗದ್ದೆಯ ಬತ್ತ. ಇಂದು ಅದರ ತೂಬಿನಿಂದ ಹೊರಬೀಳುವ ನೀರು ನೊರೆಗಟ್ಟಿ ಹಾರುತ್ತದೆ. ಬತ್ತ ತರಕಾರಿಗಳ ಜಾಗದಲ್ಲಿ ಹಿಪ್ಪುನೇರಳೆ, ಎಳೆಜೋಳ, ದನದ ಮೇವಿನ ಹುಲ್ಲು ಬಂದಿವೆ. ಮಣ್ಣಿನಲ್ಲಿಯೂ ಬೆಳೆಯಲ್ಲಿಯೂ ಭಾರಲೋಹಗಳಿರುವುದನ್ನು ಪರೀಕ್ಷೆ ಮಾಡಿದವರು ತೋರಿಸಿಕೊಟ್ಟಿದ್ದಾರೆ. ಹುಲ್ಲು ತಿಂದ ಹಸುವಿನ ಹಾಲು ಪುನಃ ನಗರಕ್ಕೇ ಹೋಗುತ್ತದೆಂಬುದನ್ನು ನಗರದ ಭಕ್ತರು ಒಮ್ಮೆ ಆಲೋಚಿಸಬೇಕು. ಆದರೆ ರೈತನ ಮಾತನ್ನೂ ಕೇಳದೆ ತೀರ್ಮಾನಕ್ಕೆ ಬರಲಾಗದು. ಸುತ್ತಲಿನ ಸೀಮೆ ಬರದಿಂದ ಬೆಂದಾಗಲೂ ಇಲ್ಲಿನ ಕಾಲುವೆ ಬತ್ತುವುದಿಲ್ಲ. ನೀರನ್ನು ಹಳಿಯುವವನೂ ಅವನೇ, ಅದನ್ನು ಬಿಟ್ಟು ಬದುಕಲಾರದವನೂ ಅವನೇ. ಕೊಳಚೆಯನ್ನು ಜಲಾಶಯದೊಳಕ್ಕೆ ಬಿಡದೆ ಪಕ್ಕದ ಕಾಲುವೆಯಲ್ಲಿ ದಾಟಿಸುವ ಯೋಜನೆ ಹೊರಟಾಗ ಅದಕ್ಕೆ ವಿರೋಧವೂ ಕೇಳಿಬಂದದ್ದು ಆಶ್ಚರ್ಯವಲ್ಲ. ಮೇಲೆ ಶುದ್ಧಮಾಡದೆ ಕೆಳಗೆ ದಾರಿ ತಪ್ಪಿಸಿದರೆ ಮುಂದಿನ ಊರಿಗೆ ಏನು ಗತಿ?

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಅದೇ ರೀತಿ ವೃಷಭಾವತಿಯ ನೀರನ್ನೂ ಸಂಸ್ಕರಿಸಿ ನೆಲಮಂಗಲದ ಕಡೆಯ ಕೆರೆಗಳಿಗೆ ಎತ್ತುವ ಯೋಜನೆಯುಂಟು. ಹಾಗೆ ಎತ್ತಿದ ನೀರಿನಷ್ಟು ಬೈರಮಂಗಲದ ಪಾಲಿಗೆ ಕಡಿಮೆಯಾಗುತ್ತದೆ.

ಬೈರಮಂಗಲದಿಂದ ಮುಂದೆ ಹಳ್ಳವು ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಅಲ್ಲಿಗೆ ಬರುವಾಗ ಬೇಸಿಗೆಯಲ್ಲಿ ಬಹಳ ಬಡವಾಗಿರುತ್ತದೆ. ನಂದಿಯ ಹೆಸರಿನ ಈ ಎರಡನೆಯ ತೊರೆಯೇ ಅದರ ಹರಿವನ್ನು ತುಂಬುವುದು. ಹಾರೋಬೆಲೆಯ ಜಲಾಶಯವನ್ನು ದಾಟಿ, ಕಾಡಿನ ನಡುವೆ ಸಂಗಮದಲ್ಲಿ ಅದು ಕಾವೇರಿಗೆ ಸೇರುತ್ತದೆ. ತೊರೆಕಾಡನಹಳ್ಳಿಗೆ ನೀರೆತ್ತುವ ಶಿವ ಅಣೆಕಟ್ಟೆ ಅದೇ ನದಿಯಲ್ಲಿ ಸಂಗಮಕ್ಕಿಂತ ಮೇಲಿದೆ. ಬೇಸಿಗೆಯ ರಜೆಯಲ್ಲಿ ಸಂಗಮಕ್ಕೆ ಸ್ನಾನಕ್ಕೆಂದು ಹೋಗುವ ಬೆಂಗಳೂರಿನ ಯಾತ್ರಿಕರು ಅರ್ಕಾವತಿಯ ಕಡೆಯಲ್ಲಿ ಇಳಿದರೆ, ಅವರ ಕಾಲಿಗೆ ತಾಗುವ ನೀರಿನಲ್ಲಿ ಸ್ವಲ್ಪವಾದರೂ ಅವರ ಮನೆಯ ಬಚ್ಚಲನ್ನು ಹಾಯ್ದು ಬಂದದ್ದಿರುತ್ತದೆ.